ಹೆಸರು ಸರಿ ಇದ್ದರೆ ಮನೆ ಸಿಗುತ್ತದೆ

ಹೋದ ಮಳೆಗಾಲದ ಶುರುವಿನಲ್ಲಿ ಶಿರಸಿಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲೇ ಕೂತು ಡೇಟಾ ಕೆಲಸ ಮಾಡುವ ಹುಡುಗಿ ಅವಳು. ಏನಾದರೂ ಕೇಳೋಣ ಅಂದರೆ ಪಕ್ಕದಲ್ಲಿ ಸೀನಿಯರ್ ಅಂತ ಯಾರೂ ಇಲ್ಲ. ಸುತ್ತಲೂ ಅಡಿಕೆ ತೋಟ. ಅವಳ ಪಾಲಿಗೆ ಮೇಷ್ಟ್ರು ಅಂದರೆ ಡಾಕ್ಯುಮೆಂಟೇಶನ್, ಅಂದರೆ ಸಾಫ್ಟ್‌ವೇರಿನ ಕೈಪಿಡಿ, ಒಂದೇ.

"ಅಣ್ಣಾ, ನಿಮ್ಮ ಲೈಬ್ರರಿಯ ಡಾಕ್ಸ್ ಓದ್ತಾ ಇದ್ದೆ. ಒಂದು ಕಡೆ 'ಹೆಚ್ಚಿನ ವಿವರಕ್ಕೆ ಇದನ್ನು ನೋಡಿ' ಅಂತ ಇದೆ. ಒತ್ತಿದ್ರೆ ಏನೂ ಆಗ್ತಾ ಇಲ್ಲ. ಇನ್ನೊಂದು ಕಡೆ ಒತ್ತಿದ್ರೆ ಪೇಜೇ ಇಲ್ಲ ಅಂತ ಬರ್ತದೆ. ಎರಡು ದಿನದಿಂದ ನನ್ನ ನೆಟ್ಟಿನದ್ದೇ ತೊಂದರೆ ಅಂದ್ಕೊಂಡು ಕೂತಿದ್ದೆ."

ಎರಡು ದಿನ. ಆ ಮಾತು ನನಗೆ ಚುಚ್ಚಿತು. ಆ ಪುಟ ಬರೆದವನು ನಾನೇ. ಅಲ್ಲಿ ಲಿಂಕ್ ಹಾಕಿದವನೂ ನಾನೇ. ತಪ್ಪು ನಮ್ಮದಿದ್ದಾಗಲೂ ಅವಳು ಮೊದಲು ಅನುಮಾನಪಟ್ಟಿದ್ದು ತನ್ನ ಮೇಲೆ. ಹೊಸದಾಗಿ ಕಲಿಯುವವರೆಲ್ಲ ಹೀಗೇ ಅಲ್ವಾ? ಅನುಭವ ಇದ್ದವನು ಲಿಂಕ್ ಕೆಲಸ ಮಾಡದಿದ್ದರೆ ಬೈದುಕೊಂಡು ಬೇರೆ ದಾರಿ ಹುಡುಕುತ್ತಾನೆ. ಹೊಸಬರು ಮಾತ್ರ ತಮಗೇ ಏನೋ ಗೊತ್ತಿಲ್ಲ ಅಂದುಕೊಂಡು ಅಲ್ಲೇ ನಿಂತುಬಿಡುತ್ತಾರೆ. ಮುರಿದ ಲಿಂಕಿನ ಪೆಟ್ಟು ಬೀಳುವುದೇ ಅಂಥವರಿಗೆ.

ಆವತ್ತು ರಾತ್ರಿಯೇ ಕೆಲಸ ಶುರು ಮಾಡಿದೆ. ಕಾರವಾರದ ಮನೆಯ ಜಗಲಿಯಲ್ಲಿ ಕೂತು, ಹೊರಗೆ ಸುರಿಯುವ ಮಳೆಯ ಸದ್ದಿನಲ್ಲಿ, ಹತ್ತಿರ ಹತ್ತಿರ ಮೂರು ವಾರ ಆಫೀಸಿನ ಕೆಲಸ ಮುಗಿದ ಮೇಲೆ ದಿನಾ ಒಂದೆರಡು ಗಂಟೆ ಮುರಿದ ಲಿಂಕ್ ರಿಪೇರಿ ಮಾಡಿದೆ.

ಮೊದಲು ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿ, ಅಂದರೆ ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳಲು ಬರೆದಿಟ್ಟ ಕೋಡು. ಡಾಕ್ಸ್ ಕಟ್ಟುವುದಕ್ಕೆ, ಅಂದರೆ ಬರೆದದ್ದನ್ನು ವೆಬ್ ಪುಟಗಳಾಗಿ ಮಾಡುವುದಕ್ಕೆ, ಸ್ಫಿಂಕ್ಸ್ ಅನ್ನುವ ಸಾಧನ ಬಳಸುತ್ತೇವೆ. ಪೈಥಾನ್ ಭಾಷೆಯ ಸ್ವಂತ ಕೈಪಿಡಿಗಾಗಿ ಜಾರ್ಜ್ ಬ್ರಾಂಡ್ಲ್ ಅದನ್ನು ಬರೆದರು. 2008ರಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಅದರ ದೊಡ್ಡ ಗುಣ ಅಂದರೆ, ನಾವು ಲಿಂಕ್ ಹಾಕುವಾಗ ವಿಳಾಸ ಬರೆಯಬೇಕಾಗಿಲ್ಲ. ಹೆಸರು ಬರೆದರೆ ಸಾಕು. ಇದು ಒಂದು ಕ್ಲಾಸು (ಕೋಡಿನಲ್ಲಿ ಹೆಸರಿಟ್ಟ ಒಂದು ಭಾಗ), ಇದರ ಹೆಸರು ಇಂಥದ್ದು ಅಂತ ಗುರುತು ಹಾಕಿದರೆ, ಆ ಹೆಸರು ಯಾವ ಪುಟದ ಯಾವ ಸಾಲಿನಲ್ಲಿದೆ ಅಂತ ಸ್ಫಿಂಕ್ಸೇ ಹುಡುಕಿ ಲಿಂಕ್ ಮಾಡುತ್ತದೆ. ನಾಳೆ ಆ ಪುಟ ಬೇರೆ ಫೋಲ್ಡರಿಗೆ ಹೋದರೂ ಚಿಂತೆಯಿಲ್ಲ. ಮತ್ತೆ ಕಟ್ಟಿದಾಗ ಲಿಂಕ್ ತಾನಾಗಿ ಹೊಸ ಜಾಗಕ್ಕೆ ತಿರುಗುತ್ತದೆ.

ಹಾಗಾದರೆ ಮುರಿದದ್ದು ಹೇಗೆ?

ಹೆಸರು ಸಿಗದಿದ್ದರೆ ಸ್ಫಿಂಕ್ಸ್ ಸುಮ್ನೆ ಇದ್ದುಬಿಡುತ್ತದೆ. ಕ್ಲಾಸು, ಫಂಕ್ಷನ್ನುಗಳ ವಿಷಯದಲ್ಲಿ ಅದರ ಮಾಮೂಲಿ ರೂಢಿಯೇ ಹಾಗೆ. ಲಿಂಕ್ ಆಗಬೇಕಾದ ಪದವನ್ನು ಕೋಡಿನ ಅಕ್ಷರದಲ್ಲಿ ಚಂದವಾಗಿ ಅಚ್ಚು ಮಾಡುತ್ತದೆ, ಕೆಳಗೆ ಲಿಂಕ್ ಮಾತ್ರ ಇರುವುದಿಲ್ಲ. ಬರೆದವನಿಗೆ ಎಲ್ಲ ಸರಿ ಕಾಣುತ್ತದೆ. ಓದುವವರು ಒತ್ತಿ ನೋಡಿದಾಗಲೇ ಗೊತ್ತಾಗುವುದು. ನನ್ನ ತಂಗಿ ಹೇಳಿದ "ಒತ್ತಿದ್ರೆ ಏನೂ ಆಗ್ತಾ ಇಲ್ಲ" ಅನ್ನುವುದು ಇದೇ.

ಇದನ್ನು ಬಾಯಿ ಬಿಡಿಸುವುದಕ್ಕೆ ನಿಟ್‌ಪಿಕಿ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಸಿಗದ ಪ್ರತಿ ಹೆಸರಿಗೂ ಒಂದೊಂದು ಎಚ್ಚರಿಕೆ ಬರುತ್ತದೆ. ಆನ್ ಮಾಡಿದೆ. ಸ್ಕ್ರೀನ್ ತುಂಬಿ ಹರಿಯಿತು. ಎಣಿಸಿದರೆ 312.

ಅಷ್ಟು ನೋಡಿ ಕೈ ತಣ್ಣಗಾಯಿತು. ಆದರೆ ಸಿಗದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಒಂದೊಂದು ಎಷ್ಟು ಸಲ ಬಂದಿದೆ ಅಂತ ಲೆಕ್ಕ ಹಾಕಿದೆ. ಬೇರೆ ಬೇರೆ ಹೆಸರು ಇದ್ದದ್ದು 60ಕ್ಕೂ ಕಡಿಮೆ. ಅವೇ ಮತ್ತೆ ಮತ್ತೆ ಬಂದಿದ್ದವು. ಈ ಕೆಲಸಕ್ಕೆ ಇಳಿಯುವವರಿಗೆ ನನ್ನ ಮೊದಲ ಮಾತು ಇದೇ. ಪುಟದಿಂದ ಪುಟಕ್ಕೆ ಹೋಗಬೇಡಿ. ಹೆಸರಿನಿಂದ ಹೆಸರಿಗೆ ಹೋಗಿ.

ಈ ಹೆಸರುಗಳ ಪಟ್ಟಿ ನೋಡುತ್ತಿದ್ದಾಗ ನನಗೆ ಅಪ್ಪನ ನೋಟ್‌ಬುಕ್ ನೆನಪಾಯಿತು.

ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದರು. ಕಾರವಾರದಿಂದ ಅಂಕೋಲಾ ಕಡೆಗೆ ಹೋಗುವ ದಾರಿಯ ಕಡಲ ಬದಿಯ ಊರುಗಳು ಅವರ ಪಾಲಿಗೆ. ಅಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಆ ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ಸೇವೆಗೆ ಸೇರಿದ್ದು 2005ರಲ್ಲಿ. ಈ ನಡುವಿನ ವರ್ಷಗಳಲ್ಲಿ ಊರಿಗೆ ಊರೇ ಜಾಗ ಬಿಟ್ಟವು. ತಲೆತಲಾಂತರದಿಂದ ಇದ್ದ ಮನೆ, ತೆಂಗಿನ ತೋಟ, ದೋಣಿ ಎಳೆಯುವ ಜಾಗ, ಎಲ್ಲ ಬಿಟ್ಟು ಜನ ಪುನರ್ವಸತಿ ಕಾಲೊನಿಗಳಿಗೆ ಹೋದರು. ಕೆಲವರು ಕಾಲೊನಿಗೂ ಹೋಗದೆ ನೆಂಟರ ಊರಿಗೆ ಹೋದರು. ಆ ನೋವು ದೊಡ್ಡದು. ಅದನ್ನು ಇಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಹೇಳಲೂಬಾರದು. ನಾನು ಹೇಳುವುದು ಕಾಗದಗಳ ಕಥೆ ಮಾತ್ರ.

ಮನುಷ್ಯರು ಹೋದರು. ಕಾಗದಗಳು ಮಾತ್ರ ಹಳೆ ವಿಳಾಸಕ್ಕೇ ಬರುತ್ತಿದ್ದವು. ಮುಂಬೈಯಿಂದ ಮಗ ಕಳಿಸಿದ ಮನಿ ಆರ್ಡರ್, ಮದುವೆ ಕಾಗದ, ಬ್ಯಾಂಕಿನ ನೋಟಿಸು, ಇಂಟರ್‌ವ್ಯೂ ಕಾರ್ಡು. ಮನೆ ಇದ್ದ ಜಾಗದಲ್ಲಿ ಈಗ ತಂತಿ ಬೇಲಿ. ವಿಳಾಸದಾರರು ಸಿಗದಿದ್ದರೆ ಕಾಗದದ ಮೇಲೆ 'ಲೆಫ್ಟ್' ಅಂತ ಬರೆದು ವಾಪಸ್ ಕಳಿಸಬಹುದು. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಅಪ್ಪನಿಗೆ ಆ ಪದ ಬರೆಯುವುದೆಂದರೆ ಆಗುತ್ತಿರಲಿಲ್ಲ. "ಬಿಟ್ಟು ಹೋದ್ರು ಅಂತ ಬರೀಲಿಕ್ಕೆ ಅವರೇನು ಖುಷಿಯಿಂದ ಹೋದ್ರೇನು?" ಅನ್ನುತ್ತಿದ್ದರು.

ಅದಕ್ಕೇ ಅವರು ಒಂದು 200 ಪುಟದ ನೋಟ್‌ಬುಕ್ ಇಟ್ಟರು. ಎಡಬದಿಯಲ್ಲಿ ಮನೆಯ ಹೆಸರು, ಯಜಮಾನರ ಹೆಸರು. ಬಲಬದಿಯಲ್ಲಿ ಈಗ ಇರುವ ಜಾಗ. ಸೈಕಲ್ ಮೇಲೆ ಕಾಲೊನಿಯಿಂದ ಕಾಲೊನಿಗೆ ಹೋಗಿ, ಕೇಳಿ ಕೇಳಿ ಬರೆದುಕೊಂಡದ್ದು. ಕಾಗದ ಬಂದರೆ ಹಳೆ ವಿಳಾಸಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದು ಬರೆದು, 'ರೀಡೈರೆಕ್ಟ್' ಅಂತ ಹಾಕಿ ಕಳಿಸುತ್ತಿದ್ದರು. ನಾನು ದಿನಾ ಬಳಸುವ ಪದ ಅದು. ಅದನ್ನು ನಾನು ಮೊದಲು ನೋಡಿದ್ದು ಕಂಪ್ಯೂಟರಿನಲ್ಲಿ ಅಲ್ಲ, ಅಪ್ಪನ ನೀಲಿ ಇಂಕಿನಲ್ಲಿ.

ಆ ನೋಟ್‌ಬುಕ್ ಈಗಲೂ ಇದೆ. ಅಟ್ಟದ ಮೇಲಿನ ತಗಡಿನ ಟ್ರಂಕಿನಿಂದ ತೆಗೆದು ತಂದೆ. ಮಳೆಗಾಲದ ಥಂಡಿ ತಾಗದ ಹಾಗೆ ಅಪ್ಪ ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದರು.

ಸ್ಫಿಂಕ್ಸ್ ಕೂಡ ಹೀಗೇ ಒಂದು ನೋಟ್‌ಬುಕ್ ಇಡುತ್ತದೆ. ಡಾಕ್ಸ್ ಕಟ್ಟಿದಾಗಲೆಲ್ಲ ಆಬ್ಜೆಕ್ಟ್ಸ್.ಇನ್ವ್ ಅನ್ನುವ ಒಂದು ಫೈಲನ್ನು ಪುಟಗಳ ಜೊತೆ ಇಟ್ಟು ಹೋಗುತ್ತದೆ. ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ. ಮೊದಲ ನಾಲ್ಕು ಸಾಲು ಸಾದಾ ಅಕ್ಷರದಲ್ಲಿರುತ್ತವೆ: ಇದು ಎಂಥ ಪಟ್ಟಿ, ಪ್ರಾಜೆಕ್ಟಿನ ಹೆಸರೇನು, ಆವೃತ್ತಿ ಎಷ್ಟು, ಮುಂದಿನದ್ದೆಲ್ಲ ಒತ್ತಿ ಸಣ್ಣ ಮಾಡಿದ್ದು ಅಂತ. ಬಿಚ್ಚಿ ನೋಡಿದರೆ ಒಂದೊಂದು ಸಾಲಿಗೆ ಒಂದೊಂದು ಹೆಸರು. ಹೆಸರು, ಅದು ಕ್ಲಾಸೋ ಫಂಕ್ಷನ್ನೋ, ಯಾವ ಪುಟದ ಯಾವ ಜಾಗ, ತೋರಿಸಬೇಕಾದ ಹೆಸರು ಯಾವುದು.

ಇಂಟರ್‌ಸ್ಫಿಂಕ್ಸ್ ಅನ್ನುವ ಭಾಗ ಬೇರೆ ಲೈಬ್ರರಿಗಳ ಈ ಫೈಲನ್ನು ತರಿಸಿಕೊಂಡು ಓದುತ್ತದೆ. ನಾನು ನನ್ನ ಪುಟದಲ್ಲಿ ನಂಪೈ ಅನ್ನುವ ಇನ್ನೊಂದು ಲೈಬ್ರರಿಯ ಒಂದು ಹೆಸರು ಬರೆದರೆ, ಅದು ನಂಪೈಯ ಪಟ್ಟಿಯಲ್ಲಿ ಹುಡುಕಿ ಅಲ್ಲಿಗೆ ಲಿಂಕ್ ಹಾಕುತ್ತದೆ. ಒಂದು ಊರಿನ ಪೋಸ್ಟ್‌ಮ್ಯಾನ್ ಇನ್ನೊಂದು ಊರಿನ ಪೋಸ್ಟ್‌ಮ್ಯಾನ್ ಹತ್ತಿರ ನೋಟ್‌ಬುಕ್ ಕೇಳಿ ಪಡೆದ ಹಾಗೆ.

ಇನ್ನೊಂದು ಸಣ್ಣ ಸಂಗತಿ ನನಗೆ ತುಂಬ ಇಷ್ಟವಾಯಿತು. ಅಪ್ಪ ಒಂದೇ ಕಾಲೊನಿಗೆ ಹೋದ ಮನೆಗಳಿಗೆ ಕಾಲೊನಿಯ ಹೆಸರನ್ನು ಪ್ರತಿ ಸಾಲಿನಲ್ಲಿ ಬರೆದಿಲ್ಲ. ಮೊದಲ ಸಾಲಿನಲ್ಲಿ ಬರೆದು, ಕೆಳಗೆ ಎರಡೆರಡು ಸಣ್ಣ ಗೆರೆ ಎಳೆದುಕೊಂಡು ಹೋಗಿದ್ದಾರೆ. ಆಬ್ಜೆಕ್ಟ್ಸ್.ಇನ್ವ್‌ನಲ್ಲೂ ಹಾಗೇ. ತೋರಿಸುವ ಹೆಸರು ನಿಜವಾದ ಹೆಸರೇ ಆಗಿದ್ದರೆ ಮತ್ತೆ ಬರೆಯುವುದಿಲ್ಲ, ಒಂದು ಅಡ್ಡಗೆರೆ ಮಾತ್ರ. ವಿಳಾಸದ ಕೊನೆಯಲ್ಲಿ ಅದೇ ಹೆಸರು ಬರುವುದಿದ್ದರೆ ಅಲ್ಲಿ ಒಂದು ಡಾಲರ್ ಚಿಹ್ನೆ. ಕೈ ನೋವು ಉಳಿಸುವ ಉಪಾಯ ಇಬ್ಬರಿಗೂ ಹೊಳೆದದ್ದು ಒಂದೇ ಥರ.

ಸರಿ, ಮುರಿದ ಹೆಸರುಗಳಿಗೆ ಬರೋಣ.

ಅತಿ ಜಾಸ್ತಿ ಸಲ ಬಂದದ್ದು 'ಆಪ್ಶನಲ್' ಅನ್ನುವ ಪದ. ನಾವು ಫಂಕ್ಷನ್ನಿನ ವಿವರ ಬರೆಯುವಾಗ 'ಇದು ಪೂರ್ಣಾಂಕ, ಆಪ್ಶನಲ್' ಅಂತ ಬರೆದಿರುತ್ತೇವೆ. ಅಂದರೆ ಕೊಡದಿದ್ದರೂ ನಡೆಯುತ್ತದೆ ಅಂತ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಅದನ್ನೂ ಒಂದು ಕ್ಲಾಸಿನ ಹೆಸರು ಅಂದುಕೊಂಡು ಊರೆಲ್ಲ ಹುಡುಕುತ್ತದೆ. ಲಕೋಟೆಯ ಮೇಲೆ 'ಅರ್ಜೆಂಟ್' ಅಂತ ಬರೆದಿದ್ದನ್ನು ಮನೆಯ ಹೆಸರು ಅಂದುಕೊಂಡ ಹಾಗೆ. ಇದಕ್ಕೆ ಬರೆಯುವ ಕ್ರಮವನ್ನು ಒಂದೇ ಥರ ಮಾಡಿ, ಅಂಥ ಪದಗಳನ್ನು ಗುರುತಿಸುವ ಸೆಟ್ಟಿಂಗ್ ಸರಿ ಮಾಡಿದೆ. ಒಂದೇ ರಾತ್ರಿಯಲ್ಲಿ ನೂರಕ್ಕೂ ಜಾಸ್ತಿ ಎಚ್ಚರಿಕೆ ಹೋದವು.

ತಪ್ಪು ಕಾಗುಣಿತದವು ಒಂದಷ್ಟು. ಅವು ಬೇಗ ಮುಗಿದವು.

ಆಮೇಲೆ ಬಂದವು ನಿಜವಾಗಿ ತಲೆ ತಿಂದವು. ಒಂದನ್ನು ಹೇಳುತ್ತೇನೆ. ನಮ್ಮ ಸುಮಾರು 40 ಫಂಕ್ಷನ್ನುಗಳು ಪಾಂಡಾಸ್ ಅನ್ನುವ ಲೈಬ್ರರಿಯ ಡೇಟಾಫ್ರೇಮ್ (ಡೇಟಾ ತುಂಬಿದ ಕೋಷ್ಟಕ) ತೆಗೆದುಕೊಳ್ಳುತ್ತವೆ. ಸ್ಫಿಂಕ್ಸ್ ಹುಡುಕುತ್ತಿದ್ದದ್ದು 'ಪಾಂಡಾಸ್.ಕೋರ್.ಫ್ರೇಮ್.ಡೇಟಾಫ್ರೇಮ್' ಅಂತ. ಸಿಗುತ್ತಿರಲಿಲ್ಲ. ಡೇಟಾಫ್ರೇಮ್ ಕಳೆದುಹೋಗುವಂಥ ವಸ್ತುವೇ ಅಲ್ಲ. ಪಾಂಡಾಸ್ ಕೈಪಿಡಿಯ ಎದ್ದು ಕಾಣುವ ಜಾಗದಲ್ಲೇ ಇದೆ. ಇನ್ನೂ ವಿಚಿತ್ರ ಅಂದರೆ, ಆ ಉದ್ದದ ಹೆಸರು ಸುಳ್ಳೂ ಅಲ್ಲ. ಡೇಟಾಫ್ರೇಮ್‌ನ ಕೋಡು ಇರುವುದು ಪಾಂಡಾಸ್‌ನ ಒಳಗೆ ಕೋರ್ ಅನ್ನುವ ಭಾಗದಲ್ಲಿ, ಫ್ರೇಮ್ ಅನ್ನುವ ಫೈಲಿನಲ್ಲೇ. ಆದರೆ ಕೈಪಿಡಿಯಲ್ಲಿ ಅದರ ಹೆಸರು ಬರೀ 'ಪಾಂಡಾಸ್.ಡೇಟಾಫ್ರೇಮ್'. ಹೊರಗಿನವರು ಕರೆಯಬೇಕಾದ ಹೆಸರು ಅದು. ಪಟ್ಟಿಯಲ್ಲಿ ಇರುವುದೂ ಅದೇ. ನಮ್ಮ ಕೋಡಿನ ಒಂದು ಮೂಲೆಯಲ್ಲಿ ಯಾರೋ ಆ ಒಳಗಿನ ದಾರಿಯಿಂದಲೇ ಅದನ್ನು ತಂದು ಬಳಸಿದ್ದರು, ಅದೇ ಹೆಸರು ಡಾಕ್ಸ್ ತನಕ ಹರಿದು ಬಂದಿತ್ತು.

ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನು ಹೇಳಿದೆ. ಕಂಪ್ಯೂಟರ್ ಮಾತು ಬಿಟ್ಟು, ಹೆಸರು ಮತ್ತು ಮನೆಯ ಮಾತಿನಲ್ಲಿ. ಅವರು ಅನ್ನ ಕಲಸುತ್ತಲೇ ಹೇಳಿದರು, "ತಮಾ, ಕಾಗದದ ಮೇಲೆ ಮನೆ ಹೆಸರು ಬರೀತಾರೆ. ಯಾವ ಕೋಣೆಲಿ ಮಲಗ್ತಾನೆ ಅಂತ ಯಾರಾದ್ರೂ ಬರೀತಾರೇನು? ಕೋಣೆ ನಾಳೆ ಬದಲಾಗ್ತದೆ. ಮನೆ ಹೆಸರು ಸರಿ ಇದ್ರೆ ಅವ ಎಲ್ಲೇ ಇದ್ರೂ ಸಿಕ್ತಾನೆ."

ಎಷ್ಟು ಸರಿಯಾದ ಮಾತು! ನಮ್ಮ ಲೈಬ್ರರಿಯಲ್ಲೇ ಅದೇ ತಪ್ಪು ಹತ್ತಾರು ಕಡೆ ಇತ್ತು. ನಮ್ಮದೇ ಕ್ಲಾಸುಗಳನ್ನು ನಾವು ಒಳಗಿನ ಕೋಣೆಯ ಹೆಸರಿನಿಂದ ಕರೆದಿದ್ದೆವು. ಕಳೆದ ವರ್ಷ ಫೈಲುಗಳನ್ನು ಬೇರೆ ಥರ ಜೋಡಿಸಿದಾಗ ಕೋಣೆಗಳು ಬದಲಾದವು. ಹೆಸರುಗಳು ಗಾಳಿಯಲ್ಲಿ ಉಳಿದವು. ಮಾರನೆಯ ದಿನದಿಂದ ನಾನು ಒಂದೊಂದಾಗಿ ಹೊರಗಿನ ಹೆಸರು ಹಾಕುತ್ತಾ ಹೋದೆ. ಪ್ರತಿ ಕ್ಲಾಸಿಗೂ ಜನ ಕರೆಯಬೇಕಾದ ಒಂದೇ ಹೆಸರು, ಡಾಕ್ಸಿನಲ್ಲಿ ಅದಕ್ಕೆ ಒಂದೇ ಮನೆ. ಕೆಲವು ಕಡೆ ಒಂದೇ ಕ್ಲಾಸನ್ನು ಎರಡು ಪುಟದಲ್ಲಿ ವಿವರಿಸಿದ್ದೆವು. ಆಗ ಸ್ಫಿಂಕ್ಸ್ ಬೇರೆ ಥರ ಗೊಣಗುತ್ತದೆ, ಈ ಹೆಸರಿನವರು ಒಬ್ಬರಿಗಿಂತ ಜಾಸ್ತಿ ಸಿಕ್ಕಿದ್ದಾರೆ ಅಂತ. ಅಲ್ಲೂ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದೆ.

ಸಾದಾ ಲೇಖನದ ಪುಟಗಳಲ್ಲೂ ಇದೇ ಪಾಠ ಸಿಕ್ಕಿತು. ಫೈಲಿನ ದಾರಿ ಬರೆದು ಹಾಕಿದ ಲಿಂಕುಗಳು ಫೈಲಿನ ಹೆಸರು ಬದಲಾದ ಕೂಡಲೇ ಸತ್ತಿದ್ದವು. ತಲೆಬರಹದ ಮೇಲೆ ಒಂದು ಲೇಬಲ್ ಇಟ್ಟು, ಆ ಲೇಬಲ್ ಹೆಸರಿನಿಂದ ಕರೆದ ಲಿಂಕುಗಳು ಒಂದೂ ಹಾಳಾಗಿರಲಿಲ್ಲ. ಫೈಲು ಎರಡು ಸಲ ಜಾಗ ಬದಲಿಸಿದ್ದರೂ.

ಇನ್ನು ಹೊರಗಿನ ವೆಬ್ ವಿಳಾಸಗಳು. ಅವಕ್ಕೆ ಹೆಸರಿನ ಪಟ್ಟಿ ಇಲ್ಲ. ಸ್ಫಿಂಕ್ಸಿನ ಲಿಂಕ್‌ಚೆಕ್ ಒಂದೊಂದು ವಿಳಾಸದ ಬಾಗಿಲು ತಟ್ಟಿ ನೋಡುತ್ತದೆ. ಇದ್ದರೆ ಸರಿ. ಸರ್ವರಿನಿಂದ ಉತ್ತರವಾಗಿ 404 ಅನ್ನುವ ಸಂಖ್ಯೆ ಬಂದರೆ ಪುಟ ಇಲ್ಲ. 301 ಬಂದರೆ ಕಾಯಂ ಆಗಿ ಬೇರೆ ಕಡೆ ಹೋಗಿದೆ, ಹೊಸ ವಿಳಾಸ ಇಗೋ ಅಂತ. 410 ಅಂದರೆ ಇತ್ತು, ಈಗ ತೆಗೆದಿದ್ದೇವೆ ಅಂತ. 301 ಹಾಕಿಟ್ಟು ಹೋದವರನ್ನು ಕಂಡರೆ ನನಗೆ ಈಗ ಕೈ ಮುಗಿಯಬೇಕು ಅನ್ನಿಸುತ್ತದೆ. ಎಷ್ಟೋ ಜನ ಅಷ್ಟೂ ಮಾಡುವುದಿಲ್ಲ. ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ, ಒಳ್ಳೆಯ ವಿಳಾಸಗಳನ್ನು ಬದಲಾಯಿಸಬಾರದು ಅಂತ ಬರೆದಿದ್ದರು. 2024ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿ ನೋಡಿತು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ಮೇಲೆ ಸಿಗಲಿಲ್ಲ.

ಮೊದಲ ಸಲ ಲಿಂಕ್‌ಚೆಕ್ ಓಡಿಸಿದ್ದು ಜೋರು ಮಳೆಯ ಒಂದು ರಾತ್ರಿ. ಅರ್ಧಕ್ಕರ್ಧ ವಿಳಾಸಗಳು ಮುರಿದಿವೆ ಅಂತ ಬಂತು. ಪೈಥಾನ್ ಮುಖಪುಟವೂ ಇಲ್ಲವಂತೆ! ಆಗಲೇ ಅನುಮಾನ ಬಂತು. ಎದ್ದು ನೋಡಿದರೆ ರೌಟರಿನಲ್ಲಿ ಕೆಂಪು ದೀಪ. ಗಾಳಿಗೆ ಎಲ್ಲೋ ಕೇಬಲ್ ಮೇಲೆ ಕೊಂಬೆ ಬಿದ್ದಿತ್ತು. ಮಾರನೆಯ ದಿನ ಲೈನ್ ಸರಿಯಾದ ಮೇಲೆ ಮತ್ತೆ ಓಡಿಸಿದೆ. ನಿಜವಾಗಿ ಮುರಿದದ್ದು 19. ಅಂದಿನಿಂದ ಯಾವ ವಿಳಾಸವನ್ನೂ ಬೇರೆ ಬೇರೆ ದಿನ ಮೂರು ಸಲ ತಟ್ಟದೆ ಸತ್ತಿದೆ ಅಂತ ತೀರ್ಮಾನ ಮಾಡುತ್ತಿಲ್ಲ. ಕೆಲವು ಸರ್ವರುಗಳು ಯಂತ್ರ ಬಂದರೆ ಬಾಗಿಲು ತೆಗೆಯುವುದಿಲ್ಲ, ಮನುಷ್ಯರು ಬಂದರೆ ತೆಗೆಯುತ್ತವೆ. ಅವನ್ನು ನಾನೇ ಬ್ರೌಸರಿನಲ್ಲಿ ತೆರೆದು ನೋಡಿದೆ.

ಈ ಕೆಲಸದಲ್ಲಿ ಒಂದು ಸುಲಭದ ದಾರಿ ಇದೆ. ಎಚ್ಚರಿಕೆ ಬಂದ ಹೆಸರುಗಳನ್ನೆಲ್ಲ ಒಂದು ಪಟ್ಟಿಗೆ ಹಾಕಿ 'ಇವುಗಳ ಬಗ್ಗೆ ಹೇಳಬೇಡ' ಅಂತ ಸ್ಫಿಂಕ್ಸಿಗೆ ಹೇಳಬಹುದು. ಐದು ನಿಮಿಷದ ಕೆಲಸ. ಸ್ಕ್ರೀನ್ ಸ್ವಚ್ಛ. ನಮ್ಮ ತಂಡದಲ್ಲೂ ಆ ಮಾತು ಬಂತು. ನಾನು ಒಪ್ಪಲಿಲ್ಲ. ಎಚ್ಚರಿಕೆ ನಿಂತರೆ ಲಿಂಕ್ ಬಂದ ಹಾಗಲ್ಲ. ಶಿರಸಿಯಲ್ಲಿ ಕೂತವಳು ಒತ್ತಿದರೆ ಏನೂ ಆಗುವುದಿಲ್ಲ, ನಮಗೆ ಮಾತ್ರ ಗೊತ್ತಾಗುವುದಿಲ್ಲ. ಆ ಪಟ್ಟಿಗೆ ಯಾವುದಾದರೂ ಹೆಸರು ಹಾಕಲೇಬೇಕಾದರೆ ಪಕ್ಕದಲ್ಲಿ ಕಾರಣ ಬರೆಯಬೇಕು ಅಂತ ಹಠ ಹಿಡಿದೆ. ಕೊನೆಗೆ ಅದರಲ್ಲಿ ಉಳಿದದ್ದು ನಾಲ್ಕು. ಅವು ಕೋಡಿನಲ್ಲಿ ಡೇಟಾದ ಬಗೆ (ಟೈಪ್) ಬರೆಯುವಾಗ ಬಳಸುವ ಒಂದಕ್ಷರದ ಹೆಸರುಗಳು, ಅವಕ್ಕೆ ಎಲ್ಲೂ ಪುಟವೇ ಇರುವುದಿಲ್ಲ.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಎಚ್ಚರಿಕೆ ಬಂದರೆ ಡಾಕ್ಸ್ ಕಟ್ಟುವುದೇ ನಿಲ್ಲಬೇಕು ಅಂತ ಹೇಳುವ ಒಂದು ಸೂಚನೆ ಇದೆ. ಅದನ್ನು ಹಾಕಿದೆ. ಈಗ ಯಾರೇ ಕೋಡು ಬದಲಿಸಿ ಲಿಂಕ್ ಮುರಿದರೂ ಅವರಿಗೇ ಆ ಕ್ಷಣದಲ್ಲಿ ಗೊತ್ತಾಗುತ್ತದೆ. ಮುರಿದವರ ಕೈಯಲ್ಲೇ ಇನ್ನೂ ಬಿಸಿ ಇರುವಾಗ ಸರಿ ಮಾಡುವುದು ಎರಡು ನಿಮಿಷ. ವರ್ಷದ ಮೇಲೆ ನನ್ನಂಥವನು ಹುಡುಕಿ ಸರಿ ಮಾಡುವುದು ಅರ್ಧ ರಾತ್ರಿ.

ನಾವು ಜಾಗ ಬದಲಿಸಿದ ಪುಟಗಳಿಗೆ ಹಳೆ ವಿಳಾಸದಲ್ಲಿ ರೀಡೈರೆಕ್ಟ್ ಹಾಕಿದೆ. ಇದು ಮುಖ್ಯ. ಹೆಸರಿನಿಂದ ಲಿಂಕ್ ಹಾಕಿದರೂ, ಕಟ್ಟಿದ ಮೇಲೆ ಅದು ಆ ದಿನದ ವಿಳಾಸವಾಗಿಬಿಡುತ್ತದೆ. ಬೇರೆಯವರು ಎರಡು ವರ್ಷದ ಹಿಂದೆ ಕಟ್ಟಿಟ್ಟ ಪುಟಗಳಲ್ಲಿ ನಮ್ಮ ಹಳೆ ವಿಳಾಸವೇ ಇದೆ. ಅವರು ಮತ್ತೆ ಕಟ್ಟುವ ತನಕ ಅಲ್ಲಿಂದ ಬರುವವರನ್ನು ಹೊಸ ಮನೆಗೆ ಕರೆದುಕೊಂಡು ಬರುವುದು ನಮ್ಮ ಜವಾಬ್ದಾರಿ. ಜಾಗ ಬದಲಿಸಿದವರು ನಾವು ತಾನೆ?

ಆ ಮೂರು ವಾರದ ಕೊನೆಗೆ 312 ಸೊನ್ನೆಗೆ ಬಂತು. ತಂಗಿಗೆ ಮೆಸೇಜ್ ಮಾಡಿದೆ. ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಆವತ್ತು ಸಿಗದಿದ್ದ ಪುಟ, ತೆರೆದುಕೊಂಡಿತ್ತು. "ಬಂತು ಅಣ್ಣಾ" ಅಂತ ಒಂದೇ ಸಾಲು.

ಅಪ್ಪನ ನೋಟ್‌ಬುಕ್ ಇನ್ನೂ ಮೇಜಿನ ಮೇಲೇ ಇತ್ತು. ಕೊನೆಯ ಪುಟಗಳಲ್ಲಿ ಮೂರು ಮನೆಗಳ ಬಲಬದಿ ಖಾಲಿ. ಎಲ್ಲಿಗೆ ಹೋದರು ಅಂತ ಆಗ ಗೊತ್ತಾಗಿರಲಿಲ್ಲವಂತೆ. ಅಂದಾಜಿನ ಮೇಲೆ ಏನೂ ಬರೆಯದೆ ಹಾಗೇ ಬಿಟ್ಟಿದ್ದಾರೆ.

ಹೋದ ವಾರ ಅಪ್ಪ ಅಂಕೋಲಾದಲ್ಲಿ ಒಂದು ಮದುವೆಗೆ ಹೋಗಿ ಬಂದರು. ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಚಪ್ಪಲಿ ಕಳಚುವ ಮೊದಲೇ ನನ್ನನ್ನು ಕರೆದರು. ಆ ಮೂರರಲ್ಲಿ ಒಂದು ಮನೆಯ ಮೊಮ್ಮಗ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದನಂತೆ. ಮಾತಿಗೆ ಮಾತು ಬಂದು ಮನೆ ಹೆಸರು ಹೇಳಿದನಂತೆ. ನಿವೃತ್ತಿಯಾಗಿ ಎಷ್ಟೋ ವರ್ಷ ಆಯಿತು, ಆ ವಿಳಾಸಕ್ಕೆ ಕಾಗದ ಬರುವುದೂ ನಿಂತಿದೆ.

"ನೋಟ್‌ಬುಕ್ ತಾ ತಮಾ," ಅಂದರು. "ಹಾಂಗೇ ಆ ನೀಲಿ ಪೆನ್ನೂ."